ಮೆರವಣಿಗೆ ಸೋಮವಾರದ ಗಡುವು

ಓರ್ಟ್ರೂಡ್ ಎಸ್ಸರ್ ಮೂರನೇ ಗಲ್ಲಾದಲ್ಲಿ ಇಪ್ಪತ್ತೆಂಟು ವರ್ಷ ಕೂತವಳು. ಕೂತವಳು ಎಂದು ಬರೆಯುವುದಕ್ಕೆ ಕಾರಣವಿದೆ. ನಮ್ಮ ಅಂಗಡಿಯನ್ನು ಅಮೆರಿಕದ ಕಂಪನಿಯೊಂದು ಕೊಂಡುಕೊಂಡ ವರ್ಷ, ಗಲ್ಲಾದ ಹೆಂಗಸರೆಲ್ಲ ಇನ್ನು ನಿಂತೇ ಕೆಲಸ ಮಾಡಬೇಕು, ಅವರ ದೇಶದಲ್ಲಿ ಹಾಗೆಯೇ, ಎಂದು ಅಪ್ಪಣೆ ಬಂತು. ಎಂಟು ಕುರ್ಚಿಗಳನ್ನೂ ಗೋದಾಮಿಗೆ ಸಾಗಿಸಿದರು. ಮಾರನೆಯ ಬೆಳಿಗ್ಗೆ ಓರ್ಟ್ರೂಡ್ ಗೋದಾಮಿಗೆ ಹೋಗಿ ತನ್ನ ಕುರ್ಚಿಯನ್ನು ತಾನೇ ಎಳೆದುಕೊಂಡು ಬಂದಳು. ಅದರ ಒಂದು ಚಕ್ರ ಕಿರುಗುಡುತ್ತಿತ್ತು. ಬ್ರೆಡ್ಡಿನ ಸಾಲಿನಿಂದ ಹಿಡಿದು ಸೋಪಿನ ಸಾಲಿನವರೆಗೆ ಎಲ್ಲರಿಗೂ ಕೇಳಿಸಿತು. ಅವಳು ಕೂತಳು, ಕನ್ನಡಕ ಹಾಕಿಕೊಂಡಳು, "ಹೂಂ, ಯಾರು ಮುಂದೆ? ಬನ್ನಿ" ಎಂದಳು. ಹನ್ನೊಂದು ಗಂಟೆಯೊಳಗೆ ಮಿಕ್ಕ ಏಳು ಕುರ್ಚಿಗಳೂ ಹಿಂದಕ್ಕೆ ಬಂದಿದ್ದವು.

ನಾನು ಅದೇ ಅಂಗಡಿಯಲ್ಲಿ ಹಾಲು ಮೊಸರಿನ ಕಪಾಟು ತುಂಬುತ್ತಿದ್ದೆ. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಕಣ್ಣಾರೆ ಕಂಡದ್ದು. ಕಾಣದ್ದನ್ನು ಕಂಡಿಲ್ಲ ಎಂದೇ ಬರೆದಿದ್ದೇನೆ.

ನಮ್ಮೂರು ಡ್ಯೂರೆನ್ ಪಟ್ಟಣದಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಓರ್ಟ್ರೂಡ್ ಹುಟ್ಟಿದ ಹಳ್ಳಿ ಈಗ ಇಲ್ಲ. ಕಂದು ಕಲ್ಲಿದ್ದಲಿನ ಗಣಿ ಅದನ್ನು ನುಂಗಿತು. ಮನೆ ಬಿಡುವ ಮೊದಲು ಗಣಿಯವರ ಕಡೆಯ ಒಬ್ಬ ಮನುಷ್ಯ ಬಂದು ಅಡುಗೆಮನೆಯಲ್ಲಿ ಕೂತು, ಹೊಸ ಜಾಗದಲ್ಲೂ ಬಾವಿ, ಹದಿನಾಲ್ಕು ಸೇಬಿನ ಮರ ಎಲ್ಲ ಸಿಗುತ್ತದೆ ಎಂದು ಅವಳ ಅಪ್ಪನಿಗೆ ಮಾತು ಕೊಟ್ಟನಂತೆ. ಅಪ್ಪ ಅವನ ಕೈ ಕುಲುಕಿದ. ಬಾವಿಯೂ ಸಿಗಲಿಲ್ಲ, ಮರವೂ ಸಿಗಲಿಲ್ಲ. ಕಾಗದದಲ್ಲಿ ಅವೆರಡೂ ಇರಲಿಲ್ಲ. ಆಗ ಓರ್ಟ್ರೂಡ್‌ಗೆ ಒಂಬತ್ತು ವರ್ಷ. ಆಮೇಲೆ ಅವಳು ಯಾವ ಕಾಗದವನ್ನೂ ಸಹಿ ಇಲ್ಲದೆ ಕೊಟ್ಟವಳಲ್ಲ, ಸಹಿ ಇಲ್ಲದೆ ತೆಗೆದುಕೊಂಡವಳಲ್ಲ. ಅವಳ ಗಂಡ ವಿಲ್ಲಿ ಬಸ್ಸು ಓಡಿಸುತ್ತಿದ್ದ. "ನಮ್ಮನೇಲಿ ಉಪ್ಪು ಬೇಕಾದ್ರೂ ಎರಡು ಪ್ರತಿ ಅರ್ಜಿ ಕೊಡ್ಬೇಕು" ಎಂದು ಹೇಳಿಕೊಂಡು ನಗುತ್ತಿದ್ದ.

ಇಂಥವಳನ್ನು ನಾವು ಸಮಿತಿಯ ಅಧ್ಯಕ್ಷೆಯಾಗಿ ಆರಿಸದೆ ಇನ್ನು ಯಾರನ್ನು ಆರಿಸಬೇಕಿತ್ತು? ನಮ್ಮ ದೇಶದಲ್ಲಿ ಅಂಗಡಿಯಿರಲಿ, ಕಾರ್ಖಾನೆಯಿರಲಿ, ಕೆಲಸದವರು ತಮ್ಮೊಳಗಿಂದ ಒಂದು ಸಮಿತಿ ಆರಿಸಬಹುದು. ನಮ್ಮಲ್ಲಿ ನೂರ ಮೂವತ್ತು ಜನ, ಹಾಗಾಗಿ ಐದು ಮಂದಿಯ ಸಮಿತಿ. ಕೆಲಸದ ಹೊತ್ತು ಬದಲಿಸಬೇಕಾದರೆ, ಹೊಸ ನಿಯಮ ತರಬೇಕಾದರೆ, ಯಾರನ್ನಾದರೂ ಕೆಲಸದಿಂದ ತೆಗೆಯಬೇಕಾದರೆ ಮ್ಯಾನೇಜರು ಮೊದಲು ಸಮಿತಿಗೆ ತಿಳಿಸಲೇಬೇಕು. ಹತ್ತೊಂಬತ್ತು ವರ್ಷ ಓರ್ಟ್ರೂಡ್ ಅಧ್ಯಕ್ಷೆ. ಮಾಂಸದ ಕೌಂಟರಿನ ಯುಪ್ ಒಬ್ಬ, ನಾನೊಬ್ಬಳು, ಇನ್ನಿಬ್ಬರು ಗೋದಾಮಿನವರು.

ಅಮೆರಿಕದವರು ಕಳಿಸಿದ ಮೊದಲ ಮ್ಯಾನೇಜರು ಟೋಲಿವರ್. ಕೆಟ್ಟ ಮನುಷ್ಯನಲ್ಲ. ಆದರೆ ಅವನಿಗೆ ನಾವು ಅರ್ಥವಾಗಲಿಲ್ಲ. ದಿನಾ ಬೆಳಿಗ್ಗೆ ಏಳೂವರೆಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕಂಪನಿಯ ಹೆಸರು ಕೂಗಿಸುತ್ತಿದ್ದ, ಚಪ್ಪಾಳೆ ತಟ್ಟಿಸುತ್ತಿದ್ದ. ನಮ್ಮಲ್ಲಿ ಹಿರಿಯರು ಕೂಗಲಿಲ್ಲ. ಚಿಕ್ಕಂದಿನಲ್ಲಿ, ಯುದ್ಧದ ವರ್ಷಗಳಲ್ಲಿ, ಆ ಥರ ಸಾಲಾಗಿ ನಿಂತು ಕೂಗಿದ್ದು ಅವರಿಗೆ ನೆನಪಿತ್ತು. ಗಿರಾಕಿಯ ಸಾಮಾನನ್ನು ನಾವೇ ಚೀಲಕ್ಕೆ ತುಂಬಿಕೊಡಬೇಕೆಂದ. ಮೊದಲ ದಿನವೇ ಒಬ್ಬ ಮುದುಕಿ ಕೂಗಾಡಿದಳು: "ನನ್ನ ಮೊಟ್ಟೆ ಮೇಲೆ ಯಾಕೆ ಕೈ ಹಾಕ್ತೀಯ? ನಾನಿನ್ನೂ ಸತ್ತಿಲ್ಲ ಕಣೇ!" ಗಿರಾಕಿಯನ್ನು ಕಂಡಾಗಲೆಲ್ಲ ಹಲ್ಲು ಕಾಣುವ ಹಾಗೆ ನಗಬೇಕೆಂದು ಇನ್ನೊಂದು ಅಪ್ಪಣೆ.

"ಹಂದಿ ತಲೆ ಕಡೀತಾ ನಾನು ನಕ್ಕರೆ ಏನಾಗತ್ತೆ ಗೊತ್ತಾ?" ಎಂದ ಯುಪ್. "ಗಿರಾಕಿ ಪೊಲೀಸ್‌ನ ಕರೀತಾನೆ."

ಆಮೇಲೆ ಒಂದು ನೀಲಿ ಪುಸ್ತಕ ಬಂತು. ಒಂದೇ ಅಂಗಡಿಯಲ್ಲಿ ಕೆಲಸ ಮಾಡುವವರು ಒಬ್ಬರನ್ನೊಬ್ಬರು ಪ್ರೀತಿಸಬಾರದು, ಯಾರಾದರೂ ನಿಯಮ ಮುರಿದರೆ ಇಂಥ ಫೋನ್ ನಂಬರಿಗೆ ಗುಟ್ಟಾಗಿ ತಿಳಿಸಬೇಕು ಎಂದು ಅದರಲ್ಲಿ ಅಚ್ಚು ಹಾಕಿಸಿದ್ದರು.

"ನನ್ನ ಹೆಂಡ್ತಿ ಬ್ರೆಡ್ ಕೌಂಟರ್‌ನಲ್ಲಿದಾಳೆ," ಎಂದ ಯುಪ್. "ಇಪ್ಪತ್ತೆರಡು ವರ್ಷದಿಂದ ನಿಯಮ ಮುರೀತಾ ಇದೀನಿ. ನಾನೇ ಫೋನ್ ಮಾಡಿ ಒಪ್ಕೊಂಬಿಡ್ಲಾ?"

"ಮಾಡು," ಎಂದಳು ಓರ್ಟ್ರೂಡ್. "ಇಪ್ಪತ್ತೆರಡು ವರ್ಷ ನಿನ್ನ ಜೊತೆ ಇದ್ದಿದ್ದಕ್ಕೆ ಅವಳಿಗೊಂದು ಬಹುಮಾನ ಕೊಟ್ಟರೂ ಕೊಟ್ಟಾರು."

ಅವಳು ನಕ್ಕಳು, ಆದರೆ ಪುಸ್ತಕವನ್ನು ಮನೆಗೆ ಒಯ್ದು ಮೊದಲ ಪುಟದಿಂದ ಕೊನೆಯವರೆಗೆ ಓದಿ, ಸಮಿತಿಯನ್ನು ಕೇಳದೆ ಇಂಥ ನಿಯಮ ತರುವಂತಿಲ್ಲ ಎಂದು ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹಾಕಿದಳು. ಗೆದ್ದಳು. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಹಿಂದಕ್ಕೆ ಕಳಿಸಿದರು. ಚಳಿಗಾಲದ ಕೊನೆಯ ವೇಷದ ಹಬ್ಬ ಕಾರ್ನಿವಲ್ಲಿನ ಮೆರವಣಿಗೆ ಸೋಮವಾರ ಅಂಗಡಿ ತೆರೆದಿರಬೇಕೆಂದು ಟೋಲಿವರ್ ಹಟ ಹಿಡಿದಾಗಲೂ ಗೆದ್ದವಳು ಓರ್ಟ್ರೂಡೇ. ನಮ್ಮ ಕಡೆ ಆ ದಿನ ಬ್ಯಾಂಕು ಮುಚ್ಚಿರುತ್ತದೆ, ಪುರಸಭೆ ಮುಚ್ಚಿರುತ್ತದೆ, ಹಲ್ಲಿನ ಡಾಕ್ಟರು ಕೋಡಂಗಿ ವೇಷ ಹಾಕಿ ಬೀದಿಯಲ್ಲಿ ಕುಣಿಯುತ್ತಿರುತ್ತಾರೆ. ಆ ದಿನ ಅಂಗಡಿ ಮುಚ್ಚುವುದೆಂದು ಸಮಿತಿಗೂ ಅಂಗಡಿಗೂ ಕರಾರಾಯಿತು. ಟೋಲಿವರ್ ಸಹಿ ಹಾಕಿದ. ಒಮ್ಮೆ ಮಾತ್ರ ಅವಳು ಅವನ ಟಪ್ಪಾಲು ಡಬ್ಬಿಗೆ ಹಾಕಿದ ಪತ್ರ "ಸಿಗಲೇ ಇಲ್ಲ" ಎಂದಾಯಿತು. ಅಂದಿನಿಂದ ಅವಳು ಡಬ್ಬಿಗೆ ಏನನ್ನೂ ಹಾಕಲಿಲ್ಲ. ಕೈಗೇ ಕೊಟ್ಟು, ಎದುರಿಗೇ ಸಹಿ ಹಾಕಿಸಿಕೊಂಡು ಬರುತ್ತಿದ್ದಳು. ಹದಿನಾಲ್ಕು ತಿಂಗಳಿಗೆ ಟೋಲಿವರ್ ಹೊರಟುಹೋದ.

ಅವನ ಜಾಗಕ್ಕೆ ಬಂದವನು ಡೀನ್ ಹೋಲ್ಕಂ. ತೆಳ್ಳಗಿನ ಮನುಷ್ಯ, ನಲವತ್ತರ ಆಸುಪಾಸು. ನಮ್ಮ ಭಾಷೆಯನ್ನು ನಿಧಾನವಾಗಿ ಆಡುತ್ತಿದ್ದ, ತಪ್ಪಿಲ್ಲದೆ ಆಡುತ್ತಿದ್ದ. ಬಂದ ದಿನವೇ ಬೆಳಗಿನ ಕೂಗಾಟ ನಿಲ್ಲಿಸಿದ. ಟೋಲಿವರ್ ಕಾಲದಲ್ಲಿ ಎಲ್ಲರೂ ಎಲ್ಲರನ್ನೂ ಮೊದಲ ಹೆಸರು ಹಿಡಿದು ಏಕವಚನದಲ್ಲಿ ಕರೆಯಬೇಕಿತ್ತು. ಇವನು ಎದೆಯ ಮೇಲಿನ ಬಿಲ್ಲೆಗಳನ್ನು ಬದಲಿಸಿ ಮನೆತನದ ಹೆಸರು ಹಾಕಿಸಿದ, ತಾನೂ ಎಲ್ಲರಿಗೂ ಬಹುವಚನ ಕೊಟ್ಟ. ಮಧ್ಯಾಹ್ನ ಹನ್ನೆರಡಕ್ಕೆ ಊಟದ ಕೋಣೆಗೆ ಬಂದರೆ ನಮ್ಮವರ ಹಾಗೆಯೇ ಬಾಗಿಲಲ್ಲಿ ನಿಂತು "ಊಟ ಆಗ್ಲಿ" ಎಂದು ಹಾರೈಸುತ್ತಿದ್ದ. ಯುಪ್ ಅವನಿಗೆ ಹಸಿ ಕೊಚ್ಚಿದ ಮಾಂಸವನ್ನು ಈರುಳ್ಳಿಯ ಜೊತೆ ಬ್ರೆಡ್ಡಿಗೆ ಹಚ್ಚಿ ಕೊಟ್ಟ. ನಾವೆಲ್ಲ ನೋಡುತ್ತ ಕೂತೆವು. ಅವನು ಕಣ್ಣು ಮಿಟುಕಿಸದೆ ತಿಂದ, ಇನ್ನೊಂದು ಕೇಳಿದ.

"ಇವನು ಆಗಬಹುದು," ಎಂದ ಯುಪ್.

ಹೋಲ್ಕಂ ಮೇಜಿನ ಮೇಲೆ ನಮ್ಮ ಕಾರ್ಮಿಕ ಕಾನೂನಿನ ದಪ್ಪ ಪುಸ್ತಕ ಇತ್ತು, ಅದರ ತುಂಬ ಹಳದಿ ಚೀಟಿಗಳು. ಮಧ್ಯಾಹ್ನದ ಕಾಫಿಗೆ ಓರ್ಟ್ರೂಡ್‌ಳನ್ನು ಕರೆದು ಕೇಳುತ್ತಿದ್ದ. ಇದಕ್ಕೇನರ್ಥ, ಇದನ್ನು ನೀವು ಹೇಗೆ ಮಾಡುತ್ತೀರಿ. ಒಮ್ಮೆ ನಾನೂ ಇದ್ದೆ.

"ಒಬ್ಬರನ್ನ ಕೆಲಸದಿಂದ ತೆಗೀಬೇಕಾದ್ರೆ ಸಮಿತಿಗೆ ಒಂದು ವಾರ ಅಂತಿದೆಯಲ್ಲ ಎಸ್ಸರ್ ಅವ್ರೇ, ಆ ವಾರ ಹೇಗೆ ಎಣಿಸೋದು?"

ಓರ್ಟ್ರೂಡ್ ಕಪ್ಪನ್ನು ಪಕ್ಕಕ್ಕಿಟ್ಟು ಬೆರಳು ಮಡಿಸಿ ಹೇಳಿಕೊಟ್ಟಳು. "ಪತ್ರ ಕೊಟ್ಟ ದಿನ ಲೆಕ್ಕಕ್ಕಿಲ್ಲ. ಮಂಗಳವಾರ ಕೊಟ್ರೆ ಮುಂದಿನ ಮಂಗಳವಾರ ಮುಗೀತು. ಕೊನೇ ದಿನ ಶನಿವಾರನೋ ಭಾನುವಾರನೋ ಹಬ್ಬದ ರಜಾನೋ ಬಂದ್ರೆ ಅದರ ಮುಂದಿನ ಕೆಲಸದ ದಿನ. ಅಷ್ಟರೊಳಗೆ ನಾವು ಬರಹದಲ್ಲಿ ತಕರಾರು ಕೊಡ್ಬೇಕು, ಕಾರಣ ಬರೀಬೇಕು. ಬಾಯಲ್ಲಿ ಹೇಳಿದ್ರೆ ಆಗಲ್ಲ."

"ಕೊಡದಿದ್ರೆ?"

"ಕೊಡದಿದ್ರೆ ಒಪ್ಪಿಗೆ ಅಂತಾಯ್ತು. ಕೊಟ್ರೆ, ಕೋರ್ಟಿನಲ್ಲಿ ಕೊನೇ ತೀರ್ಪು ಬರೋವರೆಗೂ ಅವರು ಕೆಲಸದಲ್ಲೇ ಇರ್ತಾರೆ, ಸಂಬಳ ಬರ್ತಿರತ್ತೆ. ಒಂದು ವರ್ಷ, ಎರಡು ವರ್ಷ. ಅದಕ್ಕೇ ಆ ವಾರ ಮುಖ್ಯ."

ಅವನು ಬರೆದುಕೊಂಡ. ಹೊರಗೆ ಬಂದ ಮೇಲೆ ಓರ್ಟ್ರೂಡ್ ನನಗೆ, "ನೋಡು ಥೇಕ್ಲಾ, ಇಂಥವರು ಬರಬೇಕು. ಕಲೀತಾನೆ," ಎಂದಳು. ಅವಳ ಮುಖದಲ್ಲಿ ಹೆಮ್ಮೆಯಿತ್ತು.

ಗಿಟ್ಟಾ ಆಫರ್‌ಮನ್ ಫ್ರೀಜರ್ ವಿಭಾಗದವಳು. ಹತ್ತೊಂಬತ್ತು ವರ್ಷ ಹಿಮಗಟ್ಟಿದ ಬಟಾಣಿ, ಮೀನು, ಕೋಳಿಯ ಪೆಟ್ಟಿಗೆಗಳನ್ನು ಎತ್ತಿ ಇಳಿಸಿ ಬೆನ್ನು ಹೋಗಿತ್ತು. ಐವತ್ತೊಂದು ವಯಸ್ಸು, ಒಂಟಿ ಹೆಂಗಸು. ಕಳೆದ ಮೂರು ವರ್ಷಗಳಲ್ಲಿ ಹಲವು ವಾರ ಡಾಕ್ಟರ ಚೀಟಿ ಕೊಟ್ಟು ಮನೆಯಲ್ಲಿ ಮಲಗಿದ್ದಳು. ಅವಳೂ ಓರ್ಟ್ರೂಡೂ ಎಳೆಯ ವಯಸ್ಸಿನಿಂದ ಗೆಳತಿಯರು. ಪ್ರತಿ ಕಾರ್ನಿವಲ್ಲಿಗೂ ಇಬ್ಬರದೂ ಒಂದೇ ವೇಷ. ಆ ವರ್ಷ ಜೇನುಹುಳ. ಹಳದಿ ಕಪ್ಪು ಪಟ್ಟೆಯ ಅಂಗಿಗಳನ್ನು ಗಿಟ್ಟಾ ಜನವರಿಯಲ್ಲೇ ಹೊಲಿದಿಟ್ಟಿದ್ದಳು.

ಎರಡು ಸಾವಿರದ ಇಸವಿ ಫೆಬ್ರವರಿ ಇಪ್ಪತ್ತೆಂಟು, ಸೋಮವಾರ, ಬೆಳಿಗ್ಗೆ ಎಂಟಕ್ಕೆ ಹೋಲ್ಕಂ ಓರ್ಟ್ರೂಡ್ ಕೈಗೆ ಒಂದು ಪತ್ರ ಕೊಟ್ಟ. ಅವಳು ತೆಗೆದುಕೊಂಡೆನೆಂದು ಸಹಿ ಹಾಕಿದಳು. ಪದೇ ಪದೇ ಕಾಯಿಲೆ ಬೀಳುವ ಕಾರಣ ಗಿಟ್ಟಾಳನ್ನು ಕೆಲಸದಿಂದ ತೆಗೆಯಬೇಕೆಂದಿದ್ದೇವೆ, ಸಮಿತಿಯ ಅಭಿಪ್ರಾಯ ತಿಳಿಸಿ, ಎಂದಿತ್ತು ಅದರಲ್ಲಿ. ಪತ್ರದ ತಲೆಯಲ್ಲಿ ಅಚ್ಚಾಗಿದ್ದ ದಿನಾಂಕ ಫೆಬ್ರವರಿ ಇಪ್ಪತ್ತನಾಲ್ಕು. ನಾಲ್ಕು ದಿನ ಅದು ಅವನ ಹತ್ತಿರವೇ ಯಾಕಿತ್ತು ಎಂಬುದು ನನಗೆ ತಿಳಿಯದು. ನಾನು ಕಂಡದ್ದು ದಿನಾಂಕ ಮಾತ್ರ.

ಮಂಗಳವಾರ ಸಮಿತಿ ಕೂತಿತು. ಗಿಟ್ಟಾಳನ್ನೂ ಕರೆದಿದ್ದೆವು. ಅವಳು ಕುರ್ಚಿಯ ತುದಿಯಲ್ಲಿ ಕೂತು, ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು.

"ಈ ಬೆನ್ನು ಇಟ್ಕೊಂಡು ನನ್ನನ್ನ ಇನ್ಯಾರು ತೊಗೋತಾರೆ? ನೀವೇ ಹೇಳಿ," ಎಂದಳು. "ಇದೊಂದು ಹೋದ್ರೆ ಮುಗೀತು."

ದಾರಿ ಹುಡುಕಿದವನು ಯುಪ್. "ಖಾಲಿ ಬಾಟ್ಲಿ ವಾಪಸ್ ತೊಗೊಳೋ ಕಿಟಕಿಯ ಮುದುಕ ಏಪ್ರಿಲ್‌ಗೆ ನಿವೃತ್ತಿ ಆಗ್ತಾನೆ. ಅಲ್ಲಿ ಕೂತು ಮಾಡೋ ಕೆಲಸ. ಚಳಿ ಇಲ್ಲ, ಭಾರ ಇಲ್ಲ. ಅದನ್ನ ಇವಳಿಗೆ ಯಾಕೆ ಕೊಡಬಾರದು?"

ಓರ್ಟ್ರೂಡ್ ಮೇಜು ತಟ್ಟಿದಳು. ಬೇರೆ ಜಾಗದಲ್ಲಿ ಕೆಲಸ ಕೊಡಲು ಆಗುವುದಿದ್ದರೆ ಅದು ಕಾನೂನು ಒಪ್ಪುವ ಕಾರಣ. ತಕರಾರು ಕೊಡುವುದೆಂದು ಐವರೂ ಕೈ ಎತ್ತಿದೆವು. ಓರ್ಟ್ರೂಡ್ ಗಿಟ್ಟಾಳ ಭುಜ ಹಿಡಿದು ಹೇಳಿದಳು: "ನೀನು ಮನೆಗೆ ಹೋಗಿ ರೆಕ್ಕೆ ಹೊಲಿ. ನಿನ್ನ ಕಾಗದ ನನ್ನ ಜವಾಬ್ದಾರಿ."

ಬುಧವಾರ ಅವಳು ಕೈಯಲ್ಲಿ ಕರಡು ಬರೆದಳು. ಕಾರ್ಮಿಕ ಸಂಘದ ವಕೀಲ ಒಮ್ಮೆ ನೋಡಲಿ ಎಂದು ಫ್ಯಾಕ್ಸ್ ಮಾಡಿಸಿದಳು. ಗುರುವಾರ ಹೆಂಗಸರ ಕಾರ್ನಿವಲ್, ಮಧ್ಯಾಹ್ನದ ಮೇಲೆ ಎಲ್ಲಿಯೂ ಕೆಲಸವಿಲ್ಲ. ನಮ್ಮ ಹುಡುಗಿಯರು ಕತ್ತರಿ ಹಿಡಿದು ಹೋಲ್ಕಂ ಕಚೇರಿಗೆ ನುಗ್ಗಿ ವಾಡಿಕೆಯಂತೆ ಅವನ ಟೈ ಕತ್ತರಿಸಿದರು. ಅವನು ಅದಕ್ಕೆಂದೇ ಹಳೆಯ ಟೈ ಕಟ್ಟಿಕೊಂಡು ಬಂದಿದ್ದ. ಶುಕ್ರವಾರ ಸಂಜೆ ವಕೀಲನಿಂದ ಉತ್ತರ ಬಂತು. ಎರಡು ಸಾಲು ತಿದ್ದಿದ್ದ, ಗಡುವಿನ ಬಗ್ಗೆ ಏನೂ ಬರೆದಿರಲಿಲ್ಲ. ಅವನು ಕರಡನ್ನಷ್ಟೇ ಕಂಡವನು. ನಮ್ಮ ಕೈಗೆ ಪತ್ರ ಯಾವತ್ತು ಬಂತೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ತಕರಾರು ಪತ್ರ ಬೆರಳಚ್ಚಾಗಿ, ಓರ್ಟ್ರೂಡ್ ಸಹಿಯಾಗಿ ಸಿದ್ಧವಾಯಿತು. ಹೋಲ್ಕಂ ಹನ್ನೆರಡಕ್ಕೇ ಹೊರಟುಹೋಗಿದ್ದ.

"ಅವನ ಡಬ್ಬಿಗೆ ಹಾಕಿಬಿಡ್ಲಾ?" ಎಂದು ನಾನು ಕೇಳಿದೆ.

"ಡಬ್ಬಿಗಾ? ಹೋದ ಸಲದ್ದು ಮರೆತ್ಯಾ? ಕೈಗೇ ಕೊಡ್ತೀನಿ. ಇವನು ಸಹಿ ಹಾಕ್ತಾನೆ, ಸತಾಯಿಸಲ್ಲ."

"ಗಡುವು ಯಾವತ್ತಿಗೆ?"

"ಸೋಮವಾರಕ್ಕೆ. ಸೋಮವಾರ ರಜ, ಹಾಗಾಗಿ ಮಂಗಳವಾರ. ಮಂಗಳವಾರ ಎಂಟು ಗಂಟೆಗೆ ಅವನ ಬಾಗಿಲಲ್ಲಿರ್ತೀನಿ."

ನನಗೂ ಅದು ಸರಿಯಾಗಿಯೇ ಕಂಡಿತು. ಸೋಮವಾರ ಮೆರವಣಿಗೆ. ಮೆರವಣಿಗೆ ಸೋಮವಾರ ರಜ ಅಲ್ಲ ಎಂದು ನಮ್ಮೂರಲ್ಲಿ ಯಾರಾದರೂ ಹೇಳಿದ್ದರೆ ಅವನಿಗೆ ತಲೆ ನೆಟ್ಟಗಿಲ್ಲ ಎನ್ನುತ್ತಿದ್ದೆವು. ಓರ್ಟ್ರೂಡ್ ಪತ್ರವನ್ನು ಲಕೋಟೆಗೆ ಹಾಕಿ ಮನೆಗೆ ಒಯ್ದು ಅಡುಗೆಮನೆಯ ಮೇಜಿನ ಡ್ರಾಯರಿನಲ್ಲಿಟ್ಟಳು.

ಆ ಸೋಮವಾರ ಗಾಳಿ ಜೋರಾಗಿತ್ತು, ಮಳೆ ಮಾತ್ರ ಬರಲಿಲ್ಲ. ನಾವು ಮೂವರೂ ಔಷಧದ ಅಂಗಡಿಯ ಮುಂದೆ ನಿಂತಿದ್ದೆವು. ಎರಡು ದಪ್ಪ ಜೇನುಹುಳ, ಪಕ್ಕದಲ್ಲಿ ಅಡುಗೆಯವಳ ಟೋಪಿ ಹಾಕಿದ ನಾನು. ಎಣ್ಣೆಯಲ್ಲಿ ಕರಿದು ಸಕ್ಕರೆ ಉದುರಿಸಿದ ಹಿಟ್ಟಿನ ಉಂಡೆಗಳನ್ನು ತಿನ್ನುತ್ತಿದ್ದೆವು. ಗಿಟ್ಟಾ ವಾರದಲ್ಲಿ ಮೊದಲ ಸಲ ನಕ್ಕಿದ್ದಳು. ಬೆನ್ನಿಗೆ ಕಟ್ಟಿದ ರೆಕ್ಕೆ ಗಾಳಿಗೆ ಅವಳನ್ನೇ ಎಳೆಯುತ್ತಿತ್ತು. "ಹಾರಿ ಹೋಗ್ತೀನಿ, ಹಿಡ್ಕೊಳ್ರೇ!" ಎಂದು ಕೂಗುತ್ತಿದ್ದಳು.

ಒಂಬತ್ತನೆಯ ಬಂಡಿ ನಮ್ಮ ಅಂಗಡಿಯದು. ಟೋಲಿವರ್ ಎಂದೂ ಬಂಡಿಗೆ ದುಡ್ಡು ಕೊಟ್ಟವನಲ್ಲ, ಹೋಲ್ಕಂ ಕೊಟ್ಟಿದ್ದ. ಅವನೇ ಮೇಲೆ ನಿಂತಿದ್ದ. ಕೆಂಪು ಮೂಗು, ಹಸಿರು ಕೂದಲು. ಎರಡೂ ಕೈಯಿಂದ ಮಿಠಾಯಿ ತೂರುತ್ತ, ನಮ್ಮವರಿಗಿಂತ ಜೋರಾಗಿ ಕಾರ್ನಿವಲ್ಲಿನ ಜಯಘೋಷ "ಅಲಾಫ್!" ಎಂದು ಕೂಗುತ್ತಿದ್ದ. ಜನ ಮೂರು ಸಲ ತಿರುಗಿ ಕೂಗಿದರು. ಬಂಡಿ ನಮ್ಮ ಮುಂದೆ ಒಂದು ನಿಮಿಷ ನಿಂತಿತು. ಮುಂದಿನ ವಾದ್ಯದವರು ನಿಂತಿದ್ದರು.

ಓರ್ಟ್ರೂಡ್ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು: "ಹೋಲ್ಕಂ ಅವ್ರೇ! ನಾಳೆ ಬೆಳಿಗ್ಗೆ ನಿಮ್ಮ ಹತ್ರ ಬರ್ತೀನಿ! ಕಾಗದ ಕೊಡೋದಿದೆ!"

ಅವನು ಬಗ್ಗಿ ನೋಡಿದ. ಗುರುತು ಹಿಡಿದ. "ನಾಳೆ ಸಿಗೋಣ ಎಸ್ಸರ್ ಅವ್ರೇ! ಅಲಾಫ್!" ಎಂದು, ಒಂದು ದೊಡ್ಡ ಚಾಕಲೇಟಿನ ಡಬ್ಬಿಯನ್ನು ಎತ್ತಿ ಸರಿಯಾಗಿ ಗಿಟ್ಟಾಳತ್ತ ಎಸೆದ. ಗಿಟ್ಟಾ ಎರಡೂ ಕೈಯಲ್ಲಿ ಹಿಡಿದಳು. ಸುತ್ತಲಿದ್ದವರು ಚಪ್ಪಾಳೆ ಹೊಡೆದರು. ಬಂಡಿ ಮುಂದಕ್ಕೆ ಹೋಯಿತು.

ಮಂಗಳವಾರ ಎಂಟಕ್ಕೆ ಓರ್ಟ್ರೂಡ್ ಹೋದಳು. ಸಾಕ್ಷಿಗೆಂದು ನನ್ನನ್ನೂ ಕರೆದುಕೊಂಡು ಹೋದಳು. ಹೋಲ್ಕಂ ಎದ್ದು ನಿಂತು ಇಬ್ಬರ ಕೈಯನ್ನೂ ಕುಲುಕಿದ. ಅವನ ಕಿವಿಯ ಹಿಂದೆ ಹಸಿರು ಬಣ್ಣ ಇನ್ನೂ ಸ್ವಲ್ಪ ಉಳಿದಿತ್ತು. ಲಕೋಟೆ ಬಿಚ್ಚಿ ಪೂರ್ತಿ ಓದಿದ. ಆಮೇಲೆ ಪೆನ್ನು ತೆಗೆದು ಕೆಳಗೆ ಬರೆದ: ಮಾರ್ಚ್ ಏಳು, ಎಂಟು ಗಂಟೆ ನಾಲ್ಕು ನಿಮಿಷಕ್ಕೆ ತಲುಪಿತು. ಸಹಿ ಹಾಕಿದ.

"ಒಳ್ಳೇ ಕಾರಣ ಬರೆದಿದೀರಿ," ಎಂದ. "ಆದ್ರೆ ಗಡುವು ನಿನ್ನೆಗೇ ಮುಗೀತು."

"ನಿನ್ನೆ ರಜ," ಎಂದಳು ಓರ್ಟ್ರೂಡ್.

"ಅಂಗಡಿಗೆ ರಜ. ಅದು ನಮ್ಮ ನಮ್ಮ ಕರಾರು. ಕಾನೂನಿನ ರಜ ಅಲ್ಲ."

ಅವನು ಇನ್ನೊಂದು ತೆಳ್ಳನೆಯ ಪುಸ್ತಕ ತೆಗೆದು, ಹಳದಿ ಚೀಟಿಯಿದ್ದ ಪುಟ ತೆರೆದು, ಅವಳ ಕಡೆ ತಿರುಗಿಸಿದ. ನಮ್ಮ ರಾಜ್ಯದ ಹಬ್ಬದ ರಜೆಗಳ ಪಟ್ಟಿ. ಓರ್ಟ್ರೂಡ್ ಬೆರಳಿಟ್ಟು ಮೇಲಿಂದ ಕೆಳಗೆ ಓದಿದಳು. ಹೊಸ ವರ್ಷ, ಈಸ್ಟರಿನ ದಿನಗಳು, ಮೇ ಒಂದು, ಹೀಗೇ ಕ್ರಿಸ್ಮಸ್‌ವರೆಗೆ. ಕೊನೆಗೆ ಬಂದು ಮತ್ತೆ ಮೊದಲಿಂದ ಓದಿದಳು. ಮೆರವಣಿಗೆ ಸೋಮವಾರ ಅದರಲ್ಲಿರಲಿಲ್ಲ. ನಮ್ಮಜ್ಜಿಯರ ಕಾಲದಿಂದ ಯಾರೂ ಆ ದಿನ ಕೆಲಸ ಮಾಡಿದವರಲ್ಲ. ಹಾಗಾಗಿ ಅದು ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ನೋಡಿದವರೂ ಇರಲಿಲ್ಲ. ಹೊರಗಿನಿಂದ ಬಂದವನು ನೋಡಿದ್ದ.

"ನಾನು ನಿನ್ನೆ ನಿಮಗೆ ಹೇಳಿದೆ," ಎಂದಳು. ಅವಳ ಧ್ವನಿ ಕೆಳಗಿಳಿದಿತ್ತು. "ಬಂಡಿ ಹತ್ರ. ಕಾಗದ ಕೊಡೋದಿದೆ ಅಂದೆ. ನೀವು ಕೇಳಿಸ್ಕೊಂಡ್ರಿ."

"ಕೇಳಿಸ್ಕೊಂಡೆ. ಬಾಯಲ್ಲಿ ಹೇಳಿದ್ರೆ ಆಗಲ್ಲ ಅಂತ ನೀವೇ ಹೇಳಿಕೊಟ್ಟಿದ್ದು."

"ಅಲ್ಲೇ ಹೇಳಬಹುದಿತ್ತಲ್ಲ, ಇವತ್ತೇ ಕೊನೇ ದಿನ ಅಂತ. ಮನೆ ಹತ್ತು ನಿಮಿಷದ ದಾರಿ. ಓಡಿ ಹೋಗಿ ತರ್ತಿದ್ದೆ."

ಅವನು ಪೆನ್ನಿನ ಮುಚ್ಚಳ ಹಾಕಿದ. "ಎಸ್ಸರ್ ಅವ್ರೇ, ನನಗಿಂತ ಮೊದಲು ಇದ್ದವರು ನಿಮ್ಮ ಕಾನೂನು ಓದಲಿಲ್ಲ. ಪ್ರತಿ ಸಲ ಸೋತರು, ಮನೆಗೆ ಹೋದರು. ನನ್ನನ್ನ ಇಲ್ಲಿಗೆ ಕಳಿಸಿದ್ದು ಓದೋದಕ್ಕೆ."

"ಒಂದು ದಿನ. ಒಂದೇ ದಿನ ಬಿಟ್ಟುಕೊಡಿ. ಇನ್ನೇನೂ ಕೇಳಲ್ಲ."

"ನಾನು ಒಂದು ದಿನ ತಡ ಮಾಡಿದ್ದರೆ ನೀವು ಬಿಟ್ಟುಕೊಡ್ತಿದ್ರಾ?"

ಓರ್ಟ್ರೂಡ್ ಸುಳ್ಳು ಹೇಳುವವಳಲ್ಲ. ಪುಸ್ತಕವನ್ನು ಮುಚ್ಚಿ ಅವನ ಕಡೆ ತಳ್ಳಿದಳು. ನಾವು ಹೊರಗೆ ಬಂದೆವು. ಮೆಟ್ಟಿಲಿನ ಮೇಲೆ ಅವಳು ನಿಂತು ಕಂಬಿ ಹಿಡಿದುಕೊಂಡಳು. "ಶನಿವಾರ ನೀನು ಡಬ್ಬಿ ಅಂದೆ," ಎಂದಳು. ಅಷ್ಟೇ.

ಗಿಟ್ಟಾಳ ಮನೆಗೆ ಆ ಮಧ್ಯಾಹ್ನವೇ ಹೋದೆವು. ಹಳದಿ ಕಪ್ಪು ಅಂಗಿಗಳೆರಡನ್ನೂ ಒಗೆದು ಅಡುಗೆಮನೆಯ ಹಗ್ಗಕ್ಕೆ ಹಾಕಿದ್ದಳು. ಕಾಫಿ ಬಸಿದು, ನಿನ್ನೆಯ ಚಾಕಲೇಟ್ ಡಬ್ಬಿಯನ್ನು ಮೇಜಿನ ಮಧ್ಯೆ ಇಟ್ಟಳು. ಓರ್ಟ್ರೂಡ್ ಕೂರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ತನ್ನ ತಪ್ಪು ಮುಚ್ಚುವ ಹಾಗೆ ತಿರುಚಲಿಲ್ಲ.

ಗಿಟ್ಟಾಗೆ ಮೊದಲು ಅರ್ಥವಾಗಲಿಲ್ಲ. "ಅಂದ್ರೆ ಏನೀಗ? ಒಂದು ದಿನ ತಡ ಆಯ್ತು, ಅಷ್ಟೇ ತಾನೆ?"

"ತಡ ಆದ್ರೆ ಕೊಡದ ಹಾಗೇ, ಗಿಟ್ಟಾ. ಅವನಿನ್ನು ನಿನ್ನನ್ನ ತೆಗೀಬಹುದು. ನೀನು ಕೋರ್ಟಿಗೆ ಹೋಗಬಹುದು, ನಾನು ಬರ್ತೀನಿ. ಆದ್ರೆ ನೋಟಿಸಿನ ಅವಧಿ ಮುಗಿದ ಮೇಲೆ ಅವರು ನಿನ್ನನ್ನ ಕೆಲಸದಲ್ಲಿ ಇಟ್ಕೋಬೇಕಾಗಿಲ್ಲ."

"ಕಾಗದ ಶನಿವಾರನೇ ಆಗಿತ್ತು ಅಂದ್ಯಲ್ಲ."

"ಆಗಿತ್ತು."

"ನಿನ್ನೆ ಎಲ್ಲಿತ್ತು? ನಿನ್ನ ಚೀಲದಲ್ಲಾ?"

"ಮನೇಲಿ. ಮೇಜಿನ ಡ್ರಾಯರ್‌ನಲ್ಲಿ."

ಗಿಟ್ಟಾ ಡಬ್ಬಿಯನ್ನು ನೋಡಿದಳು. "ಇದನ್ನ ಅವನು ನನಗೆ ಎಸೆದಾಗ ಅದು ಡ್ರಾಯರ್‌ನಲ್ಲಿತ್ತು," ಎಂದಳು. ಮುಚ್ಚಳ ತೆಗೆದು ಒಂದು ಚಾಕಲೇಟ್ ಬಿಚ್ಚಿದಳು, ತಿನ್ನಲಿಲ್ಲ, ಮತ್ತೆ ಕಾಗದ ಸುತ್ತಿ ಒಳಗಿಟ್ಟಳು. "ನೀವಿಬ್ರೂ ಈಗ ಹೋಗಿ. ಸ್ವಲ್ಪ ಮಲಗ್ಬೇಕು. ಬೆನ್ನು ನೋಯ್ತಾ ಇದೆ."

ಏಪ್ರಿಲ್‌ನಲ್ಲಿ ಕಾರ್ಮಿಕ ನ್ಯಾಯಾಲಯದಲ್ಲಿ ರಾಜಿಯ ಮಾತುಕತೆ ನಡೆಯಿತು. ನ್ಯಾಯಾಧೀಶರು ಪತ್ರದ ಮೇಲಿನ ದಿನಾಂಕ ನೋಡಿ ತಲೆಯಾಡಿಸಿದರು. "ನಾನೂ ಅವತ್ತು ಕಡಲುಗಳ್ಳನ ವೇಷದಲ್ಲಿ ಬೀದಿಯಲ್ಲಿದ್ದೆನಮ್ಮ," ಎಂದರು. "ಈ ಕೋರ್ಟಿನ ಬಾಗಿಲೂ ಮುಚ್ಚಿತ್ತು. ಕಾಗದ ಹಾಕಲು ಕೋರ್ಟಿನ ಹೊರಗೆ ಒಂದು ಡಬ್ಬಿ ಮಾತ್ರ ಇತ್ತು. ಕಾನೂನಿಗೆ ಅಷ್ಟು ಸಾಕು." ಯಾರೋ ಇಬ್ಬರು ನಕ್ಕರು. ಓರ್ಟ್ರೂಡ್ ಸಾಕ್ಷಿಯ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದಳು. ಬೆನ್ನು ಇನ್ನು ಸರಿಹೋಗುವುದಿಲ್ಲ ಎಂದು ಗಿಟ್ಟಾಳ ಡಾಕ್ಟರೇ ಬರೆದುಕೊಟ್ಟಿದ್ದರು. ವರ್ಷಗಟ್ಟಲೆ ಸಂಬಳವಿಲ್ಲದೆ ಎಳೆದಾಡುವ ಶಕ್ತಿ ಅವಳಿಗಿರಲಿಲ್ಲ. ಕಂಪನಿ ಏನೋ ಒಂದಿಷ್ಟು ಕೊಡುವುದೆಂದಾಯಿತು. ಗಿಟ್ಟಾ ಸಹಿ ಹಾಕಿದಳು. ಸೆಪ್ಟೆಂಬರ್ ಮೂವತ್ತು ಅವಳ ಕೊನೆಯ ದಿನ. ಬಾಟಲಿಯ ಕಿಟಕಿಯಲ್ಲಿ ಅಷ್ಟರಲ್ಲಿ ವಾರಕ್ಕೆ ಮೂರು ದಿನ ಬರುವ ಒಬ್ಬ ವಿದ್ಯಾರ್ಥಿನಿಯನ್ನು ಕೂರಿಸಿದ್ದರು.

ಅದಾದ ಮೇಲೆ ಹೋಲ್ಕಂ ನಮ್ಮೂರಲ್ಲಿ ಹೆಚ್ಚು ಕಾಲ ಇರಲಿಲ್ಲ. ಬೇರೆ ಊರಿನ ಮ್ಯಾನೇಜರುಗಳಿಗೆ ನಮ್ಮ ಕಾನೂನು ಕಲಿಸಲು ಅವನನ್ನು ಮುಖ್ಯ ಕಚೇರಿಗೆ ಕರೆಸಿಕೊಂಡರು. ಹೋಗುವಾಗ ಎಲ್ಲರಿಗೂ ಕಾಫಿ, ಕೇಕು ಕೊಟ್ಟ. ಓರ್ಟ್ರೂಡ್‌ಳ ಹತ್ತಿರ ಬಂದು, "ನಿಮ್ಮಿಂದ ತುಂಬಾ ಕಲಿತೆ," ಎಂದ. ಅವನು ಅದನ್ನು ವ್ಯಂಗ್ಯಕ್ಕೆ ಹೇಳಿದ್ದಲ್ಲ ಎಂದು ನನ್ನ ಲೆಕ್ಕ. ಅವಳು ಅವನ ಕೈ ಕುಲುಕಿದಳು.

ಎರಡು ವರ್ಷದ ಮೇಲೆ ಸಮಿತಿಯ ಚುನಾವಣೆ ಬಂದಾಗ ಓರ್ಟ್ರೂಡ್ ನಿಲ್ಲಲಿಲ್ಲ. ಯುಪ್ ಎಷ್ಟೋ ಕಾಡಿದ. "ಒಂದು ದಿನ ಎಣಿಸೋದು ತಪ್ಪಿತು ಅಂತ ಹತ್ತೊಂಬತ್ತು ವರ್ಷಾನ ಹೊಳೆಗೆ ಎಸೀತೀಯಾ?"

"ನೀನು ಹಂದಿ ಕಡೀವಾಗ ಒಂದೇ ಒಂದು ಸಲ ಬೆರಳು ಕಡ್ಕೊಂಡ್ರೆ ಬೆರಳು ಮತ್ತೆ ಬೆಳೆಯತ್ತಾ?" ಎಂದಳು ಅವಳು.

ಕಾರ್ನಿವಲ್ಲಿಗೂ ಅವಳು ಮತ್ತೆ ಬೀದಿಗೆ ಇಳಿಯಲಿಲ್ಲ. ವಿಲ್ಲಿ ಒಬ್ಬನೇ ಹೋಗಿ ಬರುತ್ತಿದ್ದ. ಭಾನುವಾರಗಳಲ್ಲಿ ಅವಳು ಗಿಟ್ಟಾಳ ಮನೆಗೆ ಹೋಗಿ ಕರೆಗಂಟೆ ಒತ್ತುತ್ತಿದ್ದಳು. ಮೇಲಿನ ಕಿಟಕಿಯ ಪರದೆ ಸರಿಯುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಸುಮಾರು ಒಂದು ವರ್ಷ ಹೋದಳು, ಆಮೇಲೆ ಬಿಟ್ಟಳು.

ಗಿಟ್ಟಾ ಸಾಮಾನಿಗೆ ನಮ್ಮ ಅಂಗಡಿಗೇ ಬರುತ್ತಿದ್ದಳು. ಕೋಲೂರಿ ನಡೆಯುವವಳಿಗೆ ಬೇರೆ ಅಂಗಡಿ ದೂರ. ಓರ್ಟ್ರೂಡ್ ಮೂರನೇ ಗಲ್ಲಾದಲ್ಲಿದ್ದರೆ ಅವಳು ಏಳನೆಯದಕ್ಕೆ ಹೋಗುತ್ತಿದ್ದಳು, ಅಲ್ಲಿ ಎಷ್ಟೇ ಉದ್ದ ಸಾಲಿದ್ದರೂ ಸರಿ. ನಾವೆಲ್ಲ ನೋಡಿ ನೋಡದ ಹಾಗೆ ಇರುತ್ತಿದ್ದೆವು.

ಓರ್ಟ್ರೂಡ್ ನಿವೃತ್ತಿಯಾಗುವುದಕ್ಕೆ ಕೆಲವು ತಿಂಗಳ ಮೊದಲು, ನವೆಂಬರಿನ ಒಂದು ಬುಧವಾರ, ಹನ್ನೊಂದು ಗಂಟೆಯ ಸುಮಾರಿಗೆ ಅಂಗಡಿ ಖಾಲಿಯಿತ್ತು. ಜ್ವರ ಹರಡಿ ಅರ್ಧ ಜನ ಬಂದಿರಲಿಲ್ಲ. ಗಲ್ಲಾ ಒಂದೇ ತೆರೆದಿತ್ತು, ಮೂರನೆಯದು. ನಾನು ಮೊಸರಿನ ಡಬ್ಬಿಗಳನ್ನು ಜೋಡಿಸುತ್ತಿದ್ದೆ. ಗಿಟ್ಟಾ ಗಾಡಿ ತಳ್ಳಿಕೊಂಡು ಗಲ್ಲಾಗಳ ಕಡೆ ಬಂದಳು, ಒಂದೊಂದನ್ನೇ ನೋಡುತ್ತ ನಡೆದಳು, ಏಳನೆಯದರ ಮುಂದೆ ಅಡ್ಡ ಹಾಕಿದ್ದ ಸರಪಳಿಯ ಹತ್ತಿರ ನಿಂತಳು. ತಿರುಗಿದಳು.

ಓರ್ಟ್ರೂಡ್ ಕೂತಲ್ಲಿಂದ ಎದ್ದು ನಿಂತಿದ್ದಳು. "ಬಾ, ಗಿಟ್ಟಾ," ಎಂದಳು. "ಯಾರೂ ಇಲ್ಲ. ಬಾ."

ಗಿಟ್ಟಾ ಅವಳನ್ನು ನೋಡಿದಳು. ಸಿಟ್ಟಿನ ನೋಟ ಅಲ್ಲ, ಗುರುತಿಲ್ಲದವರನ್ನು ನೋಡುವ ನೋಟ. ಗಾಡಿಯನ್ನು ಅಲ್ಲಿಯೇ ಬಿಟ್ಟು, ಕೋಲೂರಿಕೊಂಡು, ಬರಿಗೈಯಲ್ಲಿ ಬಾಗಿಲು ದಾಟಿ ಹೋದಳು.

ನಾನು ಗಾಡಿಯ ಕಡೆ ಹೊರಟೆ. ಓರ್ಟ್ರೂಡ್ ಕೈಯೆತ್ತಿ ಬೇಡ ಎಂದಳು. ಗಲ್ಲಾಕ್ಕೆ ಬೀಗ ಹಾಕಿ, ತಾನೇ ಗಾಡಿಯನ್ನು ಒಳಗೆ ತಳ್ಳಿಕೊಂಡು ಹೋದಳು. ಮೊದಲು ಫ್ರೀಜರಿಗೆ ಹೋಗಿ ಬಟಾಣಿಯ ಪೊಟ್ಟಣವಿಟ್ಟಳು, ಅದು ಕರಗುವ ಮೊದಲು. ಆಮೇಲೆ ಬೆಣ್ಣೆ. ಆಮೇಲೆ ಕಪ್ಪು ಬ್ರೆಡ್ಡು, ಒಂದು ಪೊಟ್ಟಣ ಆಲೂಗಡ್ಡೆ, ಬೆನ್ನಿಗೆ ಹಚ್ಚುವ ಮುಲಾಮು, ಎಲ್ಲವನ್ನೂ ಅದರದರ ಜಾಗಕ್ಕೆ, ಹೆಸರು ಮುಂದಕ್ಕೆ ಕಾಣುವ ಹಾಗೆ ತಿರುಗಿಸಿ ಇಟ್ಟಳು. ಅಷ್ಟರಲ್ಲಿ ಗಲ್ಲಾದ ಮುಂದೆ ಇಬ್ಬರು ಗಿರಾಕಿಗಳು ಬಂದು ನಿಂತು ಗೊಣಗುತ್ತಿದ್ದರು. ಅವಳು ಖಾಲಿ ಗಾಡಿಯನ್ನು ಸಾಲಿಗೆ ಸೇರಿಸಿ ಬಂದು ಕುರ್ಚಿಯಲ್ಲಿ ಕೂತಳು. "ಹೂಂ," ಎಂದಳು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಗಿರಾಕಿಯೇ ತನ್ನ ಸಾಮಾನನ್ನು ಒಂದೊಂದಾಗಿ ಗಲ್ಲಾದ ಸರಿಯುವ ಪಟ್ಟಿಯ ಮೇಲಿಟ್ಟ.